ಹಿಮೋಫಿಲಿಯಾ ಜೀನ್ ಥೆರಪಿ: ಕಂಪನಿ ಹೆಸರು ಬಿಡಿ, ಅದರ ಹಿಂದೆ ಯಾರಿದ್ದಾರೆ ನೋಡಿ

ನಮ್ಮಕ್ಕನ ಮಗನಿಗೆ ಹಿಮೋಫಿಲಿಯಾ ಎ, ಸಿವಿಯರ್ ಟೈಪು. ರಕ್ತ ಹೆಪ್ಪುಗಟ್ಟಕ್ಕೆ ಬೇಕಾದ ಫ್ಯಾಕ್ಟರ್ ಅನ್ನೋ ಪ್ರೋಟೀನ್ ಮೈಯಲ್ಲಿ ಸರಿಯಾಗಿ ತಯಾರಾಗಲ್ಲ, ಕೀಲೊಳಗೆ ರಕ್ತ ಸೋರುತ್ತೆ; ಎ ಅಂದ್ರೆ ಫ್ಯಾಕ್ಟರ್ 8 ಕೊರತೆ, ಬಿ ಅಂದ್ರೆ ಫ್ಯಾಕ್ಟರ್ 9 ಕೊರತೆ. ಈಗ 16 ವರ್ಷ, ಎಡ ಮೊಣಕಾಲು ಆಗ್ಲೇ ಪೂರ್ತಿ ಮಡಚಕ್ಕೆ ಬರಲ್ಲ. ಕಾಲು ಬಿಸಿಯಾಗಿ ಊದಕ್ಕೆ ಶುರುವಾಯ್ತು ಅಂದ್ರೆ ಅಕ್ಕ ಫ್ರಿಜ್ಜಿಂದ ಫ್ಯಾಕ್ಟರ್ ಬಾಟ್ಲಿ ತೆಗೆದು, ಪುಡಿಗೆ ನೀರು ಬಿಟ್ಟು, ಎರಡು ಅಂಗೈ ಮಧ್ಯ ಇಟ್ಕೊಂಡು ಮೆಲ್ಲಗೆ ಉರುಳಿಸ್ತಾಳೆ, ಕುಲುಕಂಗಿಲ್ಲ, ನೊರೆ ಬರಬಾರ್ದು, ಪುಡಿ ಕರಗಿ ತಿಳಿಯಾಗೋ ತನಕ ಆ ಹುಡುಗ ಹಲ್ಲು ಕಚ್ಕೊಂಡು ಗೋಡೆ ನೋಡ್ತಾ ಕೂತಿರ್ತಾನೆ. ಹೋದ ದೀಪಾವಳಿಗೆ ಊರಿಗೆ ಹೋದಾಗ ಕೇಳ್ದ, "ಮಾಮ, ಒಂದ್ಸಲ ಕೊಟ್ರೆ ವರ್ಷಗಟ್ಲೆ ಫ್ಯಾಕ್ಟರ್ ಬೇಡ ಅನ್ನೋ ಜೀನ್ ಥೆರಪಿ ಬಂದಿದ್ಯಂತಲ್ಲ, ಮೂರ್ನಾಲ್ಕು ಕಡೆ ಮಾಡ್ತಾರಂತೆ, ಅದ್ರಲ್ಲಿ ಯಾವ್ದು ಒಳ್ಳೇದು?"

ನಾನು ಡಾಕ್ಟರಲ್ಲ. ಔಷಧಿ ಕಂಪನಿಯ ಕ್ಯೂಸಿ, ಅಂದ್ರೆ ಗುಣಮಟ್ಟ ಪರೀಕ್ಷೆ ಮಾಡೋ ಲ್ಯಾಬಲ್ಲಿ 14 ವರ್ಷದಿಂದ ಕೆಲಸ ಮಾಡ್ತಿದೀನಿ, ಹಾಗಾಗಿ ಒಂದು ಔಷಧಿ ಹಿಂದೆ ಯಾವ ಥರ ಜನ ಇದ್ರೆ ಏನಾಗುತ್ತೆ ಅನ್ನೋದು ಸ್ವಲ್ಪ ಗೊತ್ತು. ಅವನಿಗೋಸ್ಕರ ಓದಿ ಗುರುತು ಹಾಕ್ಕೊಂಡಿದ್ದನ್ನ ಇಲ್ಲಿ ಬರೀತಿದೀನಿ, ಇದೇ ಥರ ಹುಡುಕ್ತಿರೋ ಅಪ್ಪ ಅಮ್ಮಂದಿರು ತುಂಬಾ ಜನ ಇದ್ದಾರೆ.

ಮೊದ್ಲು ಒಂದು ವಿಷಯ ತಲೇಲಿರ್ಲಿ. ಅಮೆರಿಕ ಯುರೋಪಲ್ಲಿ ಒಪ್ಪಿಗೆ ಸಿಕ್ಕಿರೋ ಹಿಮೋಫಿಲಿಯಾ ಜೀನ್ ಥೆರಪಿಗಳೆಲ್ಲ ಎಎವಿ ಅನ್ನೋ ಸಣ್ಣ ವೈರಸ್ಸಿನ ಚಿಪ್ಪಲ್ಲಿ ಒಳ್ಳೇ ಜೀನ್ ಇಟ್ಟು ಲಿವರ್‌ಗೆ ಕಳಿಸ್ತಾವೆ. ಒಂದ್ಸಲ ಅದು ಮೈಯೊಳಗೆ ಹೋಯ್ತು ಅಂದ್ರೆ ದೇಹ ಆ ಚಿಪ್ಪಿನ ಮೇಲೆ ಆಂಟಿಬಾಡಿ ಮಾಡ್ಕೊಳುತ್ತೆ, ಆಮೇಲೆ ಅದೇ ವೈರಸ್ಸಲ್ಲಿ ಎರಡನೇ ಡೋಸ್ ಕೊಡಕ್ಕಾಗಲ್ಲ. ಬಿಲ್ಲಿಂದ ಬಿಟ್ಟ ಬಾಣ ಇದ್ದಂಗೆ. ಬಿಪಿ ಮಾತ್ರೆ ಥರ ಇದು ಸರಿಹೋಗ್ಲಿಲ್ಲ, ಬೇರೆ ಬ್ರ್ಯಾಂಡ್ ನೋಡೋಣ ಅನ್ನಂಗಿಲ್ಲ. ಅದಕ್ಕೇ ನಾನು ಬ್ರೋಷರ್ ಬಿಟ್ಟು ಜನರನ್ನ ನೋಡಕ್ಕೆ ಶುರು ಮಾಡಿದ್ದು. ಸೈನ್ಸ್ ಯಾರ ಲ್ಯಾಬಿಂದ ಬಂತು, ಅವರು ಪೇಷೆಂಟ್ ನೋಡಿದೋರಾ, ಕಂಪನಿ ನಡೆಸೋರು ಯಾರು, ಎಲ್ಲಕ್ಕಿಂತ ಮುಖ್ಯ, ಕೆಟ್ಟ ಸುದ್ದಿ ಬಂದಾಗ ಅವರು ಏನು ಮಾಡಿದ್ರು. ನನ್ನ ಪ್ರಕಾರ ಆ ಕೊನೇ ಪ್ರಶ್ನೆಗೆ ಸಿಗೋ ಉತ್ತರ ಡಿಗ್ರಿ, ಪ್ರಶಸ್ತಿ ಎಲ್ಲಕ್ಕಿಂತ ದೊಡ್ಡದು.

ಫಿಲಡೆಲ್ಫಿಯಾದ ಸ್ಪಾರ್ಕ್ ಥೆರಪ್ಯೂಟಿಕ್ಸ್‌ನಿಂದ ಶುರು ಮಾಡ್ತೀನಿ, ಯಾಕಂದ್ರೆ ಅದನ್ನ ಅರ್ಥ ಮಾಡ್ಕೊಂಡ್ರೆ ಉಳಿದಿದ್ದು ಸುಲಭ. ಅದರ ಹಿಂದಿನ ವಿಜ್ಞಾನಿ ಕ್ಯಾಥರಿನ್ ಹೈ, ರಕ್ತದ ಕಾಯಿಲೆಗಳ ಡಾಕ್ಟರು. 1980ರ ದಶಕದಿಂದ್ಲೇ ಫ್ಯಾಕ್ಟರ್ 9 ಜೀನ್ ಮೇಲೆ ಕೆಲಸ ಮಾಡಿದೋರು, ನಾಯಿಗಳಿಗೆ ಹುಟ್ಟಿಂದ ಬರೋ ಹಿಮೋಫಿಲಿಯಾ ಬಿಗೆ ಕಾರಣವಾದ ಜೀನ್ ದೋಷ ಹುಡುಕಿದ ತಂಡದಲ್ಲಿದ್ರು. ಆ ನಾಯಿಗಳಿಗೆ ಎಎವಿ ಕೊಟ್ಟಾಗ ವರ್ಷಗಟ್ಲೆ ಫ್ಯಾಕ್ಟರ್ ಬರ್ತಾ ಇತ್ತು. ಮನುಷ್ಯರ ಲಿವರ್‌ಗೆ ಕೊಟ್ಟಾಗ ಒಬ್ಬ ಪೇಷೆಂಟಿಗೆ ಫ್ಯಾಕ್ಟರ್ ಚೆನ್ನಾಗಿ ಏರ್ತು, ಎಲ್ರಿಗೂ ಖುಷಿ, ಆದ್ರೆ ಸುಮಾರು 4 ವಾರ ಆದ್ಮೇಲೆ ಲಿವರ್ ಎನ್‌ಜೈಮ್ ಮೇಲಕ್ಕೆ ಹೋಗಿ (ಲಿವರ್ ಸೆಲ್‌ಗಳಿಗೆ ಏಟು ಬಿದ್ದಿದೆ ಅನ್ನೋ ಗುರುತು) ಫ್ಯಾಕ್ಟರ್ ಇಳಿದು ಮೊದ್ಲಿದ್ದ ಜಾಗಕ್ಕೇ ಬಂತು. ಅವನಿಗೆ ಇದ್ಯಾವ್ದೋ ಬೇರೆ ಲಿವರ್ ತೊಂದ್ರೆ ಅಂತ ಹೇಳಿ ಮುಚ್ಚಿಬಿಡಬಹುದಿತ್ತು. ಇವರು ಬಿಡ್ಲಿಲ್ಲ. ರಕ್ತದ ಸ್ಯಾಂಪಲ್ ಇಟ್ಕೊಂಡು ಹುಡುಕಿ ಹುಡುಕಿ, ವೈರಸ್ಸಿನ ಚಿಪ್ಪನ್ನ ಮೊದ್ಲಿಂದ ಗುರುತಿಟ್ಕೊಂಡಿರೋ ಟಿ ಸೆಲ್ ಅನ್ನೋ ರೋಗನಿರೋಧಕ ಕಣಗಳು ಲಿವರ್ ಸೆಲ್‌ಗಳನ್ನ ಕೊಲ್ತಾ ಇವೆ ಅಂತ ಕಂಡುಹಿಡಿದು 2006ರಲ್ಲಿ ಪೇಪರ್ ಪ್ರಕಟ ಮಾಡಿದ್ರು, ತಮ್ಮ ಟ್ರಯಲ್ ಯಾಕೆ ಕೈಕೊಡ್ತು ಅನ್ನೋದನ್ನ ಜಗತ್ತಿಗೆಲ್ಲ ಬಿಚ್ಚಿಟ್ರು. ಇವತ್ತು ಯಾವ ಕಂಪನಿ ಲಿವರ್ ಜೀನ್ ಥೆರಪಿ ಕೊಟ್ರೂ ಮೊದಲ ತಿಂಗಳುಗಳಲ್ಲಿ ವಾರ ವಾರ ಲಿವರ್ ಟೆಸ್ಟ್ ಮಾಡಿ, ಎನ್‌ಜೈಮ್ ಏರಿದ್ರೆ ಸ್ಟಿರಾಯ್ಡ್ ಕೊಡ್ತಾರಲ್ಲ, ಅದರ ಬೇರು ಇಲ್ಲಿದೆ. 2011ರಲ್ಲಿ ಲಂಡನ್ನಿನ ಅಮಿತ್ ನಾಥ್ವಾನಿ ಮತ್ತೆ ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆಯ ತಂಡ 6 ಜನ ಹಿಮೋಫಿಲಿಯಾ ಬಿ ಪೇಷೆಂಟ್‌ಗಳಲ್ಲಿ ಫ್ಯಾಕ್ಟರ್ 9 ಮೈಯಲ್ಲೇ ತಯಾರಾಗಂಗೆ ಮಾಡಿ ತೋರಿಸಿದಾಗ ಎನ್‌ಜೈಮ್ ಏರಿದೋರನ್ನ ಸ್ಟಿರಾಯ್ಡ್ ಕೊಟ್ಟೇ ಕಾಪಾಡ್ಕೊಂಡಿದ್ದು.

ಹೈ ಅವರ ಆ ಮೊದಲ ಟ್ರಯಲ್‌ಗೆ ಜೊತೆಗಿದ್ದ ಕಂಪನಿ ಕೈಬಿಟ್ರೂ ಫಿಲಡೆಲ್ಫಿಯಾ ಮಕ್ಕಳ ಆಸ್ಪತ್ರೆ ಬಿಡ್ಲಿಲ್ಲ, 2004ರಲ್ಲಿ ಹೈ ಅವರ ಕೈಗೇ ಒಂದು ಸೆಂಟರ್ ಕೊಡ್ತು, 2013ರಲ್ಲಿ 5 ಕೋಟಿ ಡಾಲರ್ ಹಾಕಿ ಸ್ಪಾರ್ಕ್ ಶುರು ಮಾಡ್ತು. ಸಿಇಒ ಜೆಫ್ ಮರಾಝೊ ಬಿಸಿನೆಸ್ ಕಡೆಯೋರು, ಆದ್ರೆ ರಿಸರ್ಚ್ ಪೂರ್ತಿ ಹೈ ಕೈಲಿತ್ತು. ಈ ಜೋಡಿ ನಂಗೆ ಇಷ್ಟ. ದುಡ್ಡಿನ ಲೆಕ್ಕ ಒಬ್ರು ನೋಡ್ಕೋತಾರೆ, 'ಇವತ್ತು ಡೋಸ್ ಕೊಡೋದು ಬೇಡ' ಅನ್ನೋ ಅಧಿಕಾರ ಪೇಷೆಂಟ್ ನೋಡಿದ ಡಾಕ್ಟರ್ ಹತ್ರ ಇರುತ್ತೆ. 2017ರ ಡಿಸೆಂಬರಲ್ಲಿ ಇವರ ಕಣ್ಣಿನ ಔಷಧಿ ಲಕ್ಸ್‌ಟರ್ನಾಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಡ್ತು, ವಂಶವಾಹಿ ಕಾಯಿಲೆಗೆ ಅಲ್ಲಿ ಬಂದ ಮೊದಲನೇ ಜೀನ್ ಥೆರಪಿ ಅದು.

ಲಕ್ಸ್‌ಟರ್ನಾ ಹಿಂದಿನ ಕೆಲಸ ಜೀನ್ ಬೆನೆಟ್ ಅನ್ನೋ ವಿಜ್ಞಾನಿ ಮತ್ತು ಅವರ ಗಂಡ ಆಲ್ಬರ್ಟ್ ಮಗ್ವಾಯರ್ ಅವರದ್ದು, ಇಬ್ರೂ ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯೋರು. ಹುಟ್ಟು ಕುರುಡು ಬ್ರಿಯಾರ್ಡ್ ನಾಯಿಗಳಿಗೆ ಕಣ್ಣು ಬರಿಸಿದೋರು, ಲ್ಯಾನ್ಸಲಾಟ್ ಅನ್ನೋ ನಾಯಿ ಅದಕ್ಕೇ ಹೆಸರಾಯ್ತು. ಮನುಷ್ಯರ ಮೇಲೆ ಟ್ರಯಲ್ ಮಾಡೋದಕ್ಕೆ ಎಷ್ಟೋ ಮೊದ್ಲೇ, 2002ರಲ್ಲಿ, ಪೇಟೆಂಟಿಂದ ತಮಗೆ ಬರಬಹುದಾದ ಹಣದ ಹಕ್ಕನ್ನ ಇಬ್ರೂ ಬಿಟ್ಕೊಟ್ರು. ಆಪರೇಷನ್ ಮಾಡೋ ಕೈಗೂ ಲಾಭಕ್ಕೂ ಸಂಬಂಧ ಇರಬಾರ್ದು ಅಂತ.

ಯಾಕೆ ಅಷ್ಟು ಕಟ್ಟುನಿಟ್ಟು ಅಂದ್ರೆ, ಅದೇ ಯೂನಿವರ್ಸಿಟಿಯಲ್ಲಿ 1999ರ ಸೆಪ್ಟೆಂಬರಲ್ಲಿ ಜೆಸ್ಸಿ ಗೆಲ್ಸಿಂಗರ್ ಅನ್ನೋ 18 ವರ್ಷದ ಹುಡುಗ ಜೀನ್ ಥೆರಪಿ ಟ್ರಯಲಲ್ಲಿ ಡೋಸ್ ತಗೊಂಡು 4 ದಿನಕ್ಕೆ ತೀರ್ಕೊಂಡಿದ್ದ. ಆ ರಿಸರ್ಚ್‌ನ ಮುಖ್ಯಸ್ಥ ಜೇಮ್ಸ್ ವಿಲ್ಸನ್, ಇದೇ ಕ್ಷೇತ್ರದಲ್ಲಿ ತಾವೇ ಕಟ್ಟಿದ ಜೆನೊವೊ ಕಂಪನಿಯಲ್ಲಿ ಶೇರು ಇಟ್ಕೊಂಡಿದ್ರು. ಅದಕ್ಕೂ ಮುಂಚಿನ ಟೆಸ್ಟಲ್ಲಿ ಮಂಗಗಳು ಸತ್ತಿದ್ದ ವಿಷಯ ಒಪ್ಪಿಗೆ ಪತ್ರದಲ್ಲಿ ಇರ್ಲಿಲ್ಲ ಅಂತ ಆಮೇಲೆ ಹೊರಗೆ ಬಂತು. 2005ರಲ್ಲಿ ಸರ್ಕಾರದ ಜೊತೆ ರಾಜಿ ಆಗಿ, 2010ರ ತನಕ ಅವರು ಮನುಷ್ಯರ ಮೇಲಿನ ಟ್ರಯಲ್ ನಡೆಸಂಗಿರ್ಲಿಲ್ಲ. ಆದ್ರೆ ಇದನ್ನೂ ಹೇಳ್ಬೇಕು, ಇವತ್ತು ಎಷ್ಟೋ ಔಷಧಿಗಳಿಗೆ ಆಧಾರವಾಗಿರೋ ಎಎವಿ 8, ಎಎವಿ 9 ಚಿಪ್ಪುಗಳು ಅದೇ ವಿಲ್ಸನ್ ಲ್ಯಾಬಿಂದ ಬಂದಿದ್ದು. ಸೈನ್ಸ್ ದೊಡ್ಡದಿದ್ದ ಮಾತ್ರಕ್ಕೆ ಪೇಷೆಂಟ್ ಕ್ಷೇಮ ಅಂತ ಅಲ್ಲ, ಆ ಎರಡನ್ನ ಬೇರೆ ಬೇರೆಯಾಗೇ ಕೇಳ್ಕೋಬೇಕು.

ಸ್ಪಾರ್ಕ್ ಕಥೆಯ ಕೊನೆ ಭಾಗನೂ ಕೇಳಿ. 2019ರಲ್ಲಿ ರೋಶ್ ಕಂಪನಿ ಅದನ್ನ 430 ಕೋಟಿ ಡಾಲರ್ ಕೊಟ್ಟು ತಗೊಳ್ತು, 2020ರಲ್ಲಿ ಹೈ ಅಲ್ಲಿಂದ ಹೊರಟ್ರು. ಅವರ ಹಿಮೋಫಿಲಿಯಾ ಬಿ ಔಷಧಿ ಫೈಝರ್‌ಗೆ ಹೋಗಿತ್ತು, 2024ರ ಏಪ್ರಿಲಲ್ಲಿ ಬೆಕ್ವೆಝ್ ಅನ್ನೋ ಹೆಸರಲ್ಲಿ ಎಫ್‌ಡಿಎ ಒಪ್ಪಿಗೆನೂ ಸಿಕ್ತು, 2025ರ ಫೆಬ್ರವರಿಲಿ ಫೈಝರ್ ಅದನ್ನ ನಿಲ್ಲಿಸ್ತು. ಸೈನ್ಸ್ ಸೋತಿದ್ದಲ್ಲ, ತಗೊಳೋ ಪೇಷೆಂಟ್ ಇಲ್ಲ ಅನ್ನೋದು ಕಾರಣ. ಅಂದ್ರೆ ಶುರು ಮಾಡಿದೋರ ಹೆಸರು ನೋಡಿ ನಂಬಿದ್ರೆ ಸಾಲ್ದು, ಇವತ್ತು ಆ ಔಷಧಿ ಯಾರ ಕೈಲಿದೆ, ಅವರಿಗೆ ಅದು ಹತ್ತರಲ್ಲಿ ಹನ್ನೊಂದನೇದಾ ಅಥವಾ ಅದೊಂದೇ ಜೀವಾಳವಾ ಅಂತ ನೋಡ್ಬೇಕು.

ಇನ್ನು ನಾನು ಕ್ಯೂಸಿಯೋನಾಗಿ ಮರೆಯಕ್ಕಾಗದೇ ಇರೋದು ಅವೆಕ್ಸಿಸ್ ಕಂಪನಿ ವಿಷಯ. ಇದು ಹಿಮೋಫಿಲಿಯಾ ಅಲ್ಲ, ಎಸ್‌ಎಂಎ ಅನ್ನೋ, ಪಾಪುಗಳ ಸ್ನಾಯು ಸೊರಗಿಸೋ ಕಾಯಿಲೆಯ ಝೋಲ್ಜೆನ್ಸ್‌ಮಾ, ನಮ್ಮಲ್ಲಿ 16 ಕೋಟಿ ಇಂಜೆಕ್ಷನ್ ಅಂತ ಜನ ದುಡ್ಡು ಸೇರಿಸ್ತಾರಲ್ಲ, ಅದು. ಸೈನ್ಸ್ ಒಹಾಯೊದ ನೇಷನ್‌ವೈಡ್ ಮಕ್ಕಳ ಆಸ್ಪತ್ರೆಯದ್ದು, ಲ್ಯಾಬ್ ಕಡೆ ಬ್ರಯಾನ್ ಕಾಸ್ಪರ್, ಪೇಷೆಂಟ್ ಕಡೆ ಜೆರ್ರಿ ಮೆಂಡೆಲ್. 2017ರಲ್ಲಿ ಬಂದ ರಿಸಲ್ಟ್ ಪ್ರಕಾರ 15 ಪಾಪುಗಳೂ 20 ತಿಂಗಳು ದಾಟಿ ಬದುಕಿದ್ವು, ಈ ಕಾಯಿಲೆಲಿ ಅದು ದೊಡ್ಡ ವಿಷಯ. ನೊವಾರ್ಟಿಸ್ 2018ರಲ್ಲಿ 870 ಕೋಟಿ ಡಾಲರಿಗೆ ಕಂಪನಿ ತಗೊಳ್ತು, 2019ರ ಮೇನಲ್ಲಿ ಒಪ್ಪಿಗೆ ಬಂತು. ಅದೇ ಆಗಸ್ಟಲ್ಲಿ ಎಫ್‌ಡಿಎ ಹೇಳ್ತು, ಇಲಿಗಳ ಮೇಲೆ ಮಾಡಿದ ಟೆಸ್ಟಿನ ಕೆಲವು ಡೇಟಾ ತಿದ್ದಿದಾರೆ, ಕಂಪನಿಗೆ ಅದು ಒಪ್ಪಿಗೆಗೆ ಮುಂಚೆ ಮಾರ್ಚಲ್ಲೇ ಗೊತ್ತಾಗಿತ್ತು, ನಮಗೆ ತಿಳಿಸಿದ್ದು ಜೂನ್ 28ಕ್ಕೆ ಅಂತ. ಕಾಸ್ಪರ್ ಹೊರಗೆ ಹೋದ್ರು, ತಾವು ತಪ್ಪು ಮಾಡಿಲ್ಲ ಅಂತ ವಕೀಲರ ಮೂಲಕ ಹೇಳಿದ್ರು. ಔಷಧಿ ಸುರಕ್ಷಿತ, ಮಾರ್ಕೆಟಲ್ಲಿ ಇರ್ಲಿ ಅಂತ ಎಫ್‌ಡಿಎನೇ ಹೇಳ್ತು, ಮುಂದೆ ಶಿಕ್ಷೆನೂ ಆಗ್ಲಿಲ್ಲ. ಹೊರಗಿನೋರಿಗೆ ಇದು ಸಣ್ಣ ವಿಷಯ ಅನ್ಸಬಹುದು, ಇಲಿ ತಾನೇ, ಪಾಪುಗಳು ಚೆನ್ನಾಗಿದಾವಲ್ಲ ಅಂತ. ನಂಗೆ ಹಾಗನ್ಸಲ್ಲ. ಆ ಇಲಿ ಟೆಸ್ಟಿಂದ್ಲೇ ಈ ಬ್ಯಾಚಿಗೂ ಮುಂದಿನ ಬ್ಯಾಚಿಗೂ ಒಂದೇ ಶಕ್ತಿ ಇದ್ಯಾ ಅಂತ ಗೊತ್ತಾಗೋದು. ನಮ್ಮ ಲ್ಯಾಬಲ್ಲಿ ಒಂದು ರೀಡಿಂಗ್ ತಪ್ಪು ಬರೆದ್ರೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸರಿ ನಂಬರ್ ಬರೆದು, ಸಹಿ ತಾರೀಖು ಕಾರಣ ಹಾಕ್ಬೇಕು, ಹಳೇ ನಂಬರ್ ಕಣ್ಣಿಗೆ ಕಾಣ್ತಾನೇ ಇರ್ಬೇಕು. ಹೊಸ ಹುಡುಗ್ರಿಗೆ ಮೊದಲ ದಿನ ನಾವು ಕಲಿಸೋದೇ ಅದು.

ಈಗ ಹಿಮೋಫಿಲಿಯಾಗೆ ವಾಪಸ್. ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮಲ್ಲಿ ಹುಟ್ಟಿದ ಯೂನಿಕ್ಯೂರ್ ಸೋತು ಸೋತು ಕಲಿತ ಕಂಪನಿ. 1998ರಲ್ಲಿ ಬೇರೆ ಹೆಸರಲ್ಲಿ ಅಲ್ಲಿನ ಮೆಡಿಕಲ್ ಕಾಲೇಜಿನ ವಿಜ್ಞಾನಿಗಳಿಂದ ಶುರುವಾಗಿದ್ದು. ಗ್ಲೈಬೆರಾ ಅನ್ನೋ ಇವರ ಔಷಧಿಗೆ (ಅದು ಹಿಮೋಫಿಲಿಯಾದ್ದಲ್ಲ, ಬೇರೆ ಕಾಯಿಲೆಯದ್ದು) 2012ರಲ್ಲಿ ಯುರೋಪಲ್ಲಿ ಒಪ್ಪಿಗೆ ಸಿಕ್ತು, ಪಶ್ಚಿಮ ದೇಶಗಳಲ್ಲಿ ಅದೇ ಮೊದಲ ಜೀನ್ ಥೆರಪಿ, ಬೆಲೆ ಹತ್ತತ್ರ 10 ಲಕ್ಷ ಯುರೋ, ದುಡ್ಡು ಕೊಟ್ಟು ತಗೊಂಡಿದ್ದು ಜರ್ಮನಿಯ ಒಬ್ರೇ ಒಬ್ರು, 2017ರಲ್ಲಿ ಮುಚ್ಚಿದ್ರು. ಆಗ ಕಂಪನಿ ನಡೆಸ್ತಿದ್ದ ಮ್ಯಾಟ್ ಕಪುಸ್ತಾ ಹಣಕಾಸಿನ ಕಡೆಯಿಂದ ಬಂದೋರು, ಮೊದ್ಲು ಸಿಎಫ್‌ಒ ಆಗಿದ್ದೋರು. ಇಂಥೋರಂದ್ರೆ ನಂಗೆ ಸಾಮಾನ್ಯವಾಗಿ ಸ್ವಲ್ಪ ಅನುಮಾನ, ಆದ್ರೆ ಇವರ ಕಾಲದಲ್ಲೇ ಒಂದು ಒಳ್ಳೇ ನಿರ್ಧಾರ ಆಯ್ತು. ಇಟಲಿಯ ಪಡುವಾದಲ್ಲಿ ಒಬ್ಬ ಯುವಕನ ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದಕ್ಕೆ ಪಾವೊಲೊ ಸಿಮಿಯೋನಿ ಅನ್ನೋ ಡಾಕ್ಟರ್ ತಂಡ ಪರೀಕ್ಷೆ ಮಾಡಿದ್ರೆ, ಅವನ ಫ್ಯಾಕ್ಟರ್ 9 ಮಾಮೂಲಿಗಿಂತ ಸುಮಾರು 8 ಪಟ್ಟು ಚುರುಕು, ಜೀನಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ. 2009ರಲ್ಲಿ ಇದು ಪ್ರಕಟ ಆಯ್ತು. ಯೂನಿಕ್ಯೂರ್ 2017ರಲ್ಲಿ ತನ್ನ ಹಳೇ ಜೀನ್ ಬಿಟ್ಟು ಈ ಪಡುವಾ ಜೀನ್ ಹಿಡೀತು, ಅಷ್ಟೊತ್ತಿಗೆ ತಾನು ಮಾಡಿದ್ದ ಕೆಲಸ ಸಾಲ್ದು ಅಂತ ಒಪ್ಕೊಂಡಂಗೆ ಅದು. ಒಬ್ಬನ ಕಾಲು ನೋವಿಂದ ಸಿಕ್ಕ ಜೀನ್ ಇವತ್ತು ಬೇರೆಯೋರ ಕಾಲು ಉಳಿಸ್ತಿದೆ, ಇದನ್ನ ನಮ್ಮ ಹುಡುಗನಿಗೆ ಹೇಳಿದಾಗ ಅವನು ಎರಡು ಸಲ ಕೇಳಿಸ್ಕೊಂಡ.

ಆ ಜೀನ್ ಇಟ್ಟು ಮಾಡಿದ ಹಿಮೋಫಿಲಿಯಾ ಬಿ ಔಷಧಿಯ 54 ಜನರ ದೊಡ್ಡ ಟ್ರಯಲ್ ನಡೀತಿದ್ದಾಗ 2020ರ ಡಿಸೆಂಬರಲ್ಲಿ ಒಬ್ಬ ಪೇಷೆಂಟಿಗೆ ಲಿವರ್ ಕ್ಯಾನ್ಸರ್ ಕಾಣಿಸ್ತು. ಎಫ್‌ಡಿಎ ಟ್ರಯಲ್ ತಡೀತು. ಕಂಪನಿ ಆ ಗಡ್ಡೆಯ ಡಿಎನ್‌ಎ ಪರೀಕ್ಷೆ ಮಾಡಿಸಿ, ವೈರಸ್ ಸೇರ್ಕೊಂಡಿದ್ರಿಂದ ಬಂದಿದ್ದಲ್ಲ ಅನ್ನೋ ಲೆಕ್ಕ ಮುಂದಿಟ್ಟ ಮೇಲೆ 2021ರ ಏಪ್ರಿಲಲ್ಲಿ ತಡೆ ತೆಗೆದ್ರು. 2022ರ ನವೆಂಬರಲ್ಲಿ ಹೆಮ್‌ಜೆನಿಕ್ಸ್ ಹೆಸರಲ್ಲಿ ಒಪ್ಪಿಗೆ, ಬೆಲೆ 35 ಲಕ್ಷ ಡಾಲರ್, ನಮ್ಮ ದುಡ್ಡಲ್ಲಿ ಹತ್ತತ್ರ 30 ಕೋಟಿ. ಮಾರೋದು ಸಿಎಸ್‌ಎಲ್ ಬೆಹ್ರಿಂಗ್, ರಕ್ತದ ಉತ್ಪನ್ನಗಳೇ ಅವರ ಕಸುಬು, ಹಾಗಾಗಿ ಇದನ್ನ ಬೇಗ ಕೈಬಿಡಲ್ಲ ಅಂತ ನನ್ನ ಅಂದಾಜು. ಇನ್ನೊಂದು, ಎಎವಿ ಆಂಟಿಬಾಡಿ ಮೊದ್ಲೇ ಇರೋ ಪೇಷೆಂಟ್‌ಗಳನ್ನೂ ಇವರು ಟ್ರಯಲಲ್ಲಿ ಸೇರಿಸ್ಕೊಂಡಿದ್ರು, ಬೇರೆ ಎಷ್ಟೋ ಕಡೆ ಅಂಥೋರಿಗೆ ಬಾಗಿಲೇ ತೆಗೆಯಲ್ಲ.

ಕ್ಯಾಲಿಫೋರ್ನಿಯಾದ ಬಯೋಮರಿನ್ ಬೇರೆ ಜಾತಿಯದ್ದು. 1997ರಿಂದ ಅಪರೂಪದ ಕಾಯಿಲೆಗಳಿಗೆ ಎನ್‌ಜೈಮ್ ಔಷಧಿ ಮಾಡ್ಕೊಂಡು ಬಂದ ಕಂಪನಿ, ಫ್ಯಾಕ್ಟರಿ ಅನುಭವ ಗಟ್ಟಿ. ಹಿಮೋಫಿಲಿಯಾ ಎ ಜೀನ್ ಇವರ ಲ್ಯಾಬಲ್ಲಿ ಹುಟ್ಟಿದ್ದಲ್ಲ, 2013ರಲ್ಲಿ ನಾಥ್ವಾನಿ ಅವರ ಲಂಡನ್ ತಂಡ ಮತ್ತು ಸೇಂಟ್ ಜೂಡ್‌ನಿಂದ ಲೈಸೆನ್ಸ್ ತಗೊಂಡಿದ್ದು. 2005ರಿಂದ 2023ರ ತನಕ ಸಿಇಒ ಆಗಿದ್ದ ಜಾನ್ ಜಾಕ್ ಬಿಯನೆಮೆ ಎಂಬಿಎ ಮಾಡಿದೋರು, ಔಷಧಿ ಮಾರೋದ್ರಲ್ಲಿ ಪಳಗಿದೋರು. 2020ರ ಆಗಸ್ಟಲ್ಲಿ ಎಫ್‌ಡಿಎ ರಾಕ್ಟೇವಿಯನ್ ಅನ್ನೋ ಈ ಔಷಧಿಯ ಫೈಲ್ ವಾಪಸ್ ಕಳಿಸ್ತು, ಫ್ಯಾಕ್ಟರ್ 8 ಮೊದಲ ವರ್ಷ ಚೆನ್ನಾಗಿ ಬಂದು ಆಮೇಲೆ ವರ್ಷದಿಂದ ವರ್ಷಕ್ಕೆ ಇಳೀತಿದೆ, ಎಲ್ಲರದ್ದೂ 2 ವರ್ಷದ ಡೇಟಾ ತನ್ನಿ ಅಂತ. 134 ಜನರ ಡೇಟಾ ತಂದು 2023ರ ಜೂನಲ್ಲಿ ಒಪ್ಪಿಗೆ ತಗೊಂಡ್ರು, ಬೆಲೆ 29 ಲಕ್ಷ ಡಾಲರ್. ಆದ್ರೆ ಅಷ್ಟೊತ್ತಿಗೆ ರೋಶ್‌ನ ಹೆಮ್‌ಲಿಬ್ರಾ ಇಂಜೆಕ್ಷನ್ ಮನೆಮನೆಗೆ ಹೋಗಿತ್ತು, ಚರ್ಮದ ಕೆಳಗೆ ಚುಚ್ಕೊಂಡ್ರೆ ವಾರ, ಹದಿನೈದು ದಿನ, ತಿಂಗಳು ತನಕ ನಡೆಯುತ್ತೆ, ಅದನ್ನ ಬಿಟ್ಟು ಇಳಿಯೋ ಜೀನ್ ಥೆರಪಿಗೆ ಯಾರು ಬರ್ತಾರೆ. ಹೊಸ ಸಿಇಒ ಅಲೆಕ್ಸಾಂಡರ್ ಹಾರ್ಡಿ 2024ರಲ್ಲಿ ಮಾರಾಟ ಬರೀ 3 ದೇಶಕ್ಕೆ ಇಳಿಸಿದ್ರು, 2025ರಲ್ಲಿ ಔಷಧಿಯನ್ನೇ ಬೇರೆಯೋರಿಗೆ ಕೊಡ್ತೀವಿ ಅಂದ್ರು. ಡೋಸ್ ತಗೊಂಡೋರನ್ನ 10-15 ವರ್ಷ ಫಾಲೋ ಮಾಡ್ಬೇಕಾದ ಔಷಧಿ ಇದು, ಕೈ ಬದಲಾದ್ರೆ ಆ ಜವಾಬ್ದಾರಿ ಯಾರದ್ದು ಅನ್ನೋದು ನನ್ನ ತಲೆ ತಿನ್ನುತ್ತೆ.

ಕೊನೇದು ವೆಲ್ಲೂರು. ಇದು ಕಂಪನಿನೇ ಅಲ್ಲ, ಸಿಎಂಸಿ ಆಸ್ಪತ್ರೆ ಆವರಣದಲ್ಲಿರೋ ಸ್ಟೆಮ್ ಸೆಲ್ ರಿಸರ್ಚ್ ಸೆಂಟರ್, ನಮ್ಮ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಘಟಕ ಅದು. ಟ್ರಯಲ್ ಮುನ್ನಡೆಸಿದ್ದು ಡಾ. ಅಲೋಕ್ ಶ್ರೀವಾಸ್ತವ, ಹಿಮೋಫಿಲಿಯಾ ಪೇಷೆಂಟ್‌ಗಳ ನಡುವೆನೇ ಬಾಳಿದ ಡಾಕ್ಟರು. ಸಿಎಂಸಿಲಿ 1986ರಲ್ಲಿ ಮ್ಯಾಮನ್ ಚಾಂಡಿ ಅವರ ಕಾಲದಿಂದ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ನಡೀತಿದೆ, ಆ ಅನುಭವವೇ ಇಲ್ಲಿ ಅಡಿಪಾಯ. ಯಾಕಂದ್ರೆ ಇವರ ದಾರಿ ಬೇರೆ, ಎಎವಿ ಅಲ್ಲ. ಪೇಷೆಂಟಿನ ಸ್ವಂತ, ರಕ್ತ ಹುಟ್ಟಿಸೋ ಸ್ಟೆಮ್ ಸೆಲ್ ತೆಗೆದು, ಲೆಂಟಿವೈರಸ್ ಅನ್ನೋ ಇನ್ನೊಂದು ಥರದ ವೈರಸ್ ಮೂಲಕ ಅದಕ್ಕೆ ಫ್ಯಾಕ್ಟರ್ 8 ಜೀನ್ ಸೇರಿಸಿ, ಕೀಮೋ ಕೊಟ್ಟು ಮೂಳೆ ಮಜ್ಜೆಲಿ ಜಾಗ ಮಾಡಿ ವಾಪಸ್ ಹಾಕೋದು. ಜೀನ್ ಅಮೆರಿಕದ ಎಮರಿ ಯೂನಿವರ್ಸಿಟಿಯ ಕ್ರಿಸ್ಟೋಫರ್ ಡೋರಿಂಗ್ ಮತ್ತು ಟ್ರೆಂಟ್ ಸ್ಪೆನ್ಸರ್ ಅವರದ್ದು, ಮನುಷ್ಯರ ಫ್ಯಾಕ್ಟರ್‌ಗೆ ಹಂದಿಯ ಫ್ಯಾಕ್ಟರಿನ ತುಂಡು ಜೋಡಿಸಿ ಹೆಚ್ಚು ಉತ್ಪತ್ತಿ ಆಗೋ ಥರ ಮಾಡಿದ್ದು. 2024ರ ಡಿಸೆಂಬರಲ್ಲಿ ರಿಸಲ್ಟ್ ಬಂತು: 22ರಿಂದ 41 ವರ್ಷದ 5 ಜನ, ಎಲ್ಲರದ್ದೂ ಸೇರಿ 81 ತಿಂಗಳು ಲೆಕ್ಕ, ಥೆರಪಿ ಆದ್ಮೇಲೆ ಒಂದು ಬ್ಲೀಡೂ ಇಲ್ಲ. ಓದಿ ಅಕ್ಕಂಗೆ ಫೋನ್ ಮಾಡಿದ್ದೆ, ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರ್ಲಿಲ್ಲ.

ಆದ್ರೆ 5 ಜನ ಅಂದ್ರೆ 5 ಜನ. ಕೀಮೋ ಅಂದ್ರೆ ಕೂದಲು ಉದುರೋದು, ಇನ್‌ಫೆಕ್ಷನ್, ಮಕ್ಕಳಾಗೋದಕ್ಕೆ ತೊಂದ್ರೆ ಆಗೋ ಭಯ, ಎಎವಿಲಿ ಈ ಕೀಮೋ ಇಲ್ಲ. ಮತ್ತೆ ಇದರ ಹಿಂದೆ ದೊಡ್ಡ ದುಡ್ಡಿನೋರಿಲ್ಲ, ಹಾಗಾಗಿ ನಿಧಾನ.

ಹಾಗಾದ್ರೆ ಆಯ್ಕೆ? ಮನೇಲಿರೋದು ಹಿಮೋಫಿಲಿಯಾ ಬಿ ಆಗಿದ್ದು, ದೊಡ್ಡೋರಾಗಿದ್ದು, ವಿದೇಶದಲ್ಲಿದ್ದು ಇನ್ಶೂರೆನ್ಸ್ ಇದ್ರೆ, ನಾನು ಹೆಮ್‌ಜೆನಿಕ್ಸ್ ಕಡೆ ವಾಲ್ತೀನಿ, ಆ ತಂಡ ಎರಡು ಸಲ ಕಷ್ಟ ಬಂದಾಗ್ಲೂ ಲೆಕ್ಕ ಟೇಬಲ್ ಮೇಲೆ ಇಟ್ಟಿದೆ. ಹಿಮೋಫಿಲಿಯಾ ಎ ಆಗಿದ್ರೆ ರಾಕ್ಟೇವಿಯನ್‌ಗೆ ಆತುರ ಬೇಡ, ಅದರ ಮನೆ ಯಾವ್ದು ಅಂತ ಮೊದ್ಲು ಗಟ್ಟಿಯಾಗ್ಲಿ. ಇಂಡಿಯಾದಲ್ಲೇ ಇದ್ದು ಹಿಮೋಫಿಲಿಯಾ ಎ ಆಗಿದ್ರೆ ವೆಲ್ಲೂರಿನ ತಂಡದ ಮುಂದಿನ ಹೆಜ್ಜೆ ಕಾಯೋದು ಸರಿ, ಕಾಯೋವಾಗ ಕೀಲು ಉಳಿಸ್ಕೊಳೋದು ಅದಕ್ಕಿಂತ ಮುಖ್ಯ. ಬೆಳೆಯೋ ಮಕ್ಕಳಿಗೆ ಹಿಮೋಫಿಲಿಯಾದ ಎಎವಿ ಔಷಧಿ ಕೊಡಲ್ಲ, ಲಿವರ್ ಬೆಳೀತಾ ಸೆಲ್‌ಗಳು ಹೆಚ್ಚಾದಂಗೆ ಜೀನ್ ತೆಳುವಾಗುತ್ತೆ ಅನ್ನೋ ಭಯ ಇರೋದ್ರಿಂದ ಒಪ್ಪಿಗೆ ದೊಡ್ಡೋರಿಗೆ ಮಾತ್ರ.

ಬ್ಲಡ್ ಕ್ಯಾನ್ಸರ್ ಮನೆಯೋರು ಕಾರ್-ಟಿ (ಪೇಷೆಂಟಿನದೇ ಟಿ ಸೆಲ್ ತೆಗೆದು, ಕ್ಯಾನ್ಸರ್ ಗುರುತಿಸೋ ಜೀನ್ ಸೇರಿಸಿ ವಾಪಸ್ ಕೊಡೋದು) ಬಗ್ಗೆ ಕೇಳ್ತಾರೆ, ಅಲ್ಲೂ ಇದೇ ಕಣ್ಣಲ್ಲಿ ನೋಡಿ. ಮುಂಬೈನ ಇಮ್ಯುನೊಆ್ಯಕ್ಟ್‌ದು ಐಐಟಿ ಬಾಂಬೆಯ ರಾಹುಲ್ ಪುರ್ವಾರ್ ಲ್ಯಾಬು ಮತ್ತು ಟಾಟಾ ಮೆಮೋರಿಯಲ್ ಡಾಕ್ಟರುಗಳು ಸೇರಿ ಇಲ್ಲೇ ಕಟ್ಟಿದ್ದು, 2023ರ ಅಕ್ಟೋಬರಲ್ಲಿ ಒಪ್ಪಿಗೆ ಸಿಕ್ತು. ಬೆಂಗಳೂರಿನ ಇಮ್ಯುನೀಲ್ ಕಿರಣ್ ಮಜುಂದಾರ್ ಶಾ, ಸಿದ್ಧಾರ್ಥ ಮುಖರ್ಜಿ, ಕುಶ್ ಪರ್ಮಾರ್ ಸೇರಿ 2019ರಲ್ಲಿ ಶುರು ಮಾಡಿದ್ದು, ಸೈನ್ಸ್ ಬಾರ್ಸಿಲೋನಾದ ಆಸ್ಪತ್ರೆಯಿಂದ ಬಂದಿದ್ದು, 2025ರ ಜನವರಿಲಿ ಔಷಧಿ ಬಂತು. ಒಂದು ಸ್ವಂತ ಹೊಲದ ಬೆಳೆ, ಇನ್ನೊಂದು ಒಳ್ಳೇ ಬೀಜ ತಂದು ಬೆಳೆದಿದ್ದು, ಎರಡೂ ಸರಿನೇ, ನಿಮ್ಮ ಡಾಕ್ಟರು ಯಾವ್ದರಲ್ಲಿ ಹೆಚ್ಚು ಪೇಷೆಂಟ್ ನೋಡಿದ್ದಾರೆ ಅಂತ ಕೇಳಿ.

ಯಾವ ಕಂಪನಿ ಬಂದ್ರೂ ನಮ್ಮ ಹುಡುಗನ ನೋಟ್‌ಬುಕ್ಕಲ್ಲಿ ನಾನು ಬರೆದು ಕೊಟ್ಟಿರೋ ಪ್ರಶ್ನೆಗಳು ಇವು. ನಿಮ್ಮ ಟ್ರಯಲ್ ಯಾವತ್ತಾದ್ರೂ ನಿಂತಿತ್ತಾ, ಯಾಕೆ? ಡೋಸ್ ಕೊಡೋ ಡಾಕ್ಟರಿಗೆ ಕಂಪನಿಲಿ ಶೇರು ಇದ್ಯಾ? ಸೈನ್ಸ್ ಮಾಡಿದೋರು ಇನ್ನೂ ಅಲ್ಲೇ ಇದ್ದಾರಾ? ಕಂಪನಿ ಮಾರಾಟ ಆದ್ರೆ ನನ್ನ ಲಿವರ್ ಟೆಸ್ಟ್ ಯಾರು ಮಾಡಿಸ್ತಾರೆ? ದಾವಣಗೆರೆಯ ಹಿಮೋಫಿಲಿಯಾ ಸೊಸೈಟಿ ಕಡೆ ಹೋದಾಗ ಅಲ್ಲಿ ಅನುಭವ ಇರೋ ಡಾಕ್ಟರ ಮುಂದೆ ಇದನ್ನ ಓದು ಅಂತ ಹೇಳಿದೀನಿ.

ಅವನಿಗೆ 18 ಆಗಕ್ಕೆ ಇನ್ನೂ 2 ವರ್ಷ ಇದೆ. ಅಲ್ಲಿ ತನಕ ಫಿಸಿಯೋ. ಗೋಡೆ ಪಕ್ಕ ಕೂತು ಹಿಮ್ಮಡಿ ಎಳ್ಕೊಂಡು ಎಷ್ಟು ಮಡಚುತ್ತೆ ಅಂತ ಅಕ್ಕ ದಿನಾ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕ್ತಾಳೆ, ಮೊನ್ನೆ ಫೋಟೋ ಕಳಿಸಿದ್ಲು, ಈ ತಿಂಗಳ ಗೆರೆ ಹೋದ ತಿಂಗಳಿಗಿಂತ ಎರಡು ಬೆರಳು ಒಳಗೆ ಬಂದಿದೆ.